ಎರೆಯ ನಾಡಿನ ಎಳ್ಳಮಾವಾಸ್ಯೆ

ಭೀಮೆಗೂ ಕೃಷ್ಣೆಗೂ ನಡುವೆ ಹಬ್ಬಿರುವ ಎರೆಯ ಬಯಲನ್ನು ಮಾರ್ಗಶಿರ ಮಾಸದ ಕೊನೆಯಲ್ಲಿ ಕಂಡವರಿಗೆ ಆ ನೆಲದ ಸ್ವಭಾವವು ಬೇರೆ ಯಾವ ಋತುವಿನಲ್ಲಿಯೂ ತಿಳಿಯದಷ್ಟು ಸ್ಪಷ್ಟವಾಗಿ ತಿಳಿದುಬರುತ್ತದೆ. ಮಳೆ ಹಿಂದೆಗೆದು ಎರಡು ತಿಂಗಳಾದರೂ ಕಳೆದಿರುತ್ತದೆ. ಹಳ್ಳಗಳು ಬತ್ತುತ್ತ ಬಂದಿರುತ್ತವೆ. ಆಕಾಶದಲ್ಲಿ ಮೋಡದ ಸುಳಿವೂ ಇರುವುದಿಲ್ಲ. ಆದರೂ ಸಿಂದಗಿ ತಾಲೂಕಿನ ಯಂಕಂಚಿಯಂತಹ ಊರುಗಳಿಂದ ತೊಡಗಿ ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಸೀಮೆಯವರೆಗೆ, ಕಣ್ಣು ಹಾಯುವಷ್ಟು ದೂರವೂ ಬಿಳಿಜೋಳವು ಹೊಡೆ ತುಂಬಿ ನಿಂತಿರುತ್ತದೆ. ಹೊಡೆ ತುಂಬಿದ ಜೋಳವನ್ನು ಈ ನಾಡಿನ ಒಕ್ಕಲಗಿತ್ತಿಯರು ಬಸುರಿಯೆಂದೇ ಎಣಿಸುತ್ತಾರೆ. ಬಸುರಿಯಾದವಳ ಬಯಕೆಯನ್ನು ತೀರಿಸದೆ ಇರುವುದು ಮನೆತನಕ್ಕೆ ಒಪ್ಪುವ ಮಾತಲ್ಲ. ಆದುದರಿಂದ ಆ ತಿಂಗಳ ಅಮಾವಾಸ್ಯೆಯ ದಿನ ಊರಿಗೆ ಊರೇ ಮನೆಯ ಬಾಗಿಲನ್ನು ಹಾಕಿಕೊಂಡು ಹೊಲದ ದಾರಿ ಹಿಡಿಯುತ್ತದೆ. ಪಂಚಾಂಗದಲ್ಲಿ ಎಳ್ಳಮಾವಾಸ್ಯೆಯೆಂದೂ ಜನರ ಬಾಯಲ್ಲಿ ಎಳ್ಳಮಾಸಿಯೆಂದೂ ಹೆಸರಾಗಿರುವ ಈ ಹಬ್ಬದ ಪೂರ್ವೇತಿಹಾಸವನ್ನೂ, ಅದರೊಡನೆ ಹೆಣೆದುಕೊಂಡಿರುವ ಭೂಪಾಲನೆಯ ಕಥೆಯನ್ನೂ ಕುರಿತು ಎರಡು ಮಾತು ಬರೆಯುವುದು ನನ್ನ ಉದ್ದೇಶ.

ಹಬ್ಬದ ಸಿದ್ಧತೆ ಮುನ್ನಾದಿನವೇ ಆರಂಭವಾಗುವುದು. ಸಜ್ಜೆಯ ಹಿಟ್ಟಿನ ಕಡಬು, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ತೆಳ್ಳಗೆ ಬಡಿದ ಜೋಳದ ಕಟಕ ರೊಟ್ಟಿ, ಶೇಂಗಾದ ಹೋಳಿಗೆ, ಎಣ್ಣೆಗಾಯಿ ಬದನೆ, ಪುಂಡಿಯ ಪಲ್ಯ, ಗುರೆಳ್ಳು ಅಗಸೆಗಳ ಹಿಂಡಿ, ಮೊಸರು ಕಲಸಿದ ಬುತ್ತಿ, ಇವೆಲ್ಲವೂ ಆ ಹೊಲದಿಂದಲೇ ಬಂದವು ಅಥವಾ ಬರಬೇಕಾದವು. ಬೆಳಗಾಗುತ್ತಲೆ ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಬೆನ್ನಿಗೆ ಜೂಲ ಹೊದಿಸಿ, ಕೊರಳಿಗೆ ಗೆಜ್ಜೆಸರ ಕಟ್ಟಿ ಗಾಡಿ ಹೂಡುವರು. ಹೆಂಗಸರು ಇಳಕಲ್ಲ ಸೀರೆಯುಟ್ಟು ಬುತ್ತಿಯ ಬುಟ್ಟಿಗಳೊಡನೆ ಏರಿ ಕುಳ್ಳಿರುವರು. ಹೊಲದ ಬನ್ನಿಯ ಮರದಡಿಯಲ್ಲಿ, ಮರವಿಲ್ಲದಿದ್ದರೆ ಬದುವಿನ ಒಂದು ಮೂಲೆಯಲ್ಲಿ, ಐದು ಕಲ್ಲುಗಳನ್ನಿರಿಸಿ ಸುಣ್ಣ ಹಚ್ಚಿ ಕುಂಕುಮವಿಟ್ಟು ಪಾಂಡವರೆಂದು ಪೂಜಿಸುವರು. ಮಹಾಭಾರತದ ವನವಾಸಿಗಳು ಜೋಳದ ಹೊಲಕ್ಕೆ ಯಾವ ಕಾಲದಲ್ಲಿ ಬಂದು ನೆಲೆಸಿದರೋ ಬಲ್ಲವರಾರು! ಐದು ಕಲ್ಲುಗಳ ಪಕ್ಕದಲ್ಲಿಯೆ ಭೂಮಿತಾಯಿಗೆ ಹಸಿರು ಕುಪ್ಪಸದ ಖಣವನ್ನಿಟ್ಟು ಉಡಿ ತುಂಬುವುದುಂಟು.

ಇನ್ನು ಚರಗ. ಮಾಡಿತಂದ ಎಲ್ಲ ಅಡುಗೆಯಿಂದಲೂ ಸ್ವಲ್ಪ ಸ್ವಲ್ಪವನ್ನು ತೆಗೆದು ಒಂದೇ ಪಾತ್ರೆಯಲ್ಲಿ ಕಲಸಿ, ಮನೆಯ ಯಜಮಾನನಾಗಲಿ ಮಗನಾಗಲಿ ಅದನ್ನು ಕೈಯಲ್ಲಿ ಹಿಡಿದು, ಹೊಲದ ನಾಲ್ಕೂ ಮೇರೆಗಳನ್ನು ಸುತ್ತುತ್ತ, ಬೆಳೆಯ ಮೇಲೆ ಚೆಲ್ಲುತ್ತ ಹೋಗುವನು. ಹಿಂದೆ ಒಬ್ಬರು ತಂಬಿಗೆಯ ನೀರನ್ನು ಚಿಮುಕಿಸುತ್ತ ಬರುವರು. 'ಹುಲ್ಲುಲ್ಲಿಗೋ' ಎಂದು ಮುಂದಿನವನು ಕೂಗಿದರೆ ಹಿಂದಿನವರು ಅದಕ್ಕೆ ದನಿಗೂಡಿಸುವರು. ಒಂದು ಹೊಲದ ಕೂಗಿಗೆ ಇನ್ನೊಂದು ಹೊಲದಿಂದ ಕೂಗು ಬರುವುದು. ಚರಗವು ಭೂಮಿಗೆ ಸಂದ ಮೇಲೆಯೇ ಮನುಷ್ಯರಿಗೆ ಊಟ. ಚೆಲ್ಲಿದ ಅನ್ನವು ಭೂಮಿತಾಯಿಗೆ ಸಲ್ಲುವುದೆಂದು ಒಕ್ಕಲಿಗನು ನಂಬುತ್ತಾನೆ. ಇರುವೆಯೂ ಗುಬ್ಬಿಯೂ ಅದನ್ನು ತಿನ್ನುವುದನ್ನು ಕಣ್ಣಾರೆ ಕಾಣುತ್ತಾನೆ. ಈ ನಂಬುಗೆಗೂ ಆ ಕಾಣ್ಕೆಗೂ ವಿರೋಧವಿದೆಯೆಂದು ಅವನಿಗೆ ಎಂದೂ ತೋರಿದ್ದಿಲ್ಲ. ಊಟದ ಪಂಕ್ತಿಯಲ್ಲಿ ನಂಟರೂ ನೆರೆಯವರೂ ಇರುವರು. ದಾರಿಹೋಕನನ್ನು ಕೂಗಿ ಕರೆದು ಕೂಡಿಸುವುದು ಆ ದಿನದ ಧರ್ಮ. ಮುಸಲ್ಮಾನ ಒಕ್ಕಲುಗಳೂ ಈ ಹಬ್ಬದಲ್ಲಿ ಪಾಲುಗೊಳ್ಳುವುದು ಈ ಸೀಮೆಯಲ್ಲಿ ಹೊಸತಲ್ಲ.

ಇಂತಹ ಆಚರಣೆಯ ವಯಸ್ಸನ್ನು ಅಳೆಯುವುದು ಸುಲಭವಲ್ಲ. ಏಕೆಂದರೆ ಹೊಲದಲ್ಲಿ ನಡೆದುದನ್ನು ಕಲ್ಲಿನ ಮೇಲೆ ಬರೆಯಿಸುವ ಪದ್ಧತಿ ನಮ್ಮಲ್ಲಿರಲಿಲ್ಲ. ಆದರೆ ಹೊಲವನ್ನು ಕುರಿತು ಕಲ್ಲುಗಳು ಬಹಳ ಮಾತನಾಡಿವೆ. ಈ ಪ್ರದೇಶವು ಪ್ರಾಚೀನ ಶಾಸನಗಳಲ್ಲಿ ತರ್ದವಾಡಿ ಸಾಸಿರವೆಂದು ಹೆಸರಾಂತ ನಾಡು. ಇಂಡಿ ತಾಲೂಕಿನ ಸಾಲೋಟಗಿಯಲ್ಲಿರುವ, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ. ಶ. 945ರ ಕಂಬದ ಶಾಸನವು ಮಂತ್ರಿ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಯನ್ನೂ, ನಾನಾ ಜನಪದಗಳಿಂದ ಅಲ್ಲಿಗೆ ಬಂದು ಓದುತ್ತಿದ್ದ ವಿದ್ಯಾರ್ಥಿಗಳನ್ನೂ, ಅವರ ಪೋಷಣೆಗಾಗಿ ಬಿಟ್ಟ ಐದು ನೂರು ನಿವರ್ತನ ಭೂಮಿಯನ್ನೂ ಹೇಳುತ್ತದೆ. ವಿದ್ಯೆಯೇ ಮೊದಲಾಗಿ ದೀಪಾರಾಧನೆಯವರೆಗೆ ಸಕಲವೂ ಭೂಮಿಯ ಆದಾಯದಿಂದ ನಡೆಯುತ್ತಿದ್ದ ಆ ಕಾಲದಲ್ಲಿ ಒಂದು ಹೊಲವು ಸವೆದು ಬರಡಾಯಿತೆಂದರೆ ಒಂದು ಶಾಲೆಯೇ ಮುಚ್ಚಿತೆಂದು ಅರ್ಥ. ಬಸವಣ್ಣನವರು ಜನಿಸಿದ ಬಾಗೇವಾಡಿಯ ಸೀಮೆಯಿದು; ಕಾಯಕವನ್ನು ಪೂಜೆಗೆ ಸಮಾನವಾಗಿಸಿದ ಆ ಶರಣರ ಗೋಷ್ಠಿಯಲ್ಲಿ ಒಕ್ಕಲಿಗ ಮುದ್ದಣ್ಣನೆಂಬವನೂ ಇದ್ದನು, ಬೇಸಾಯದ ಪರಿಭಾಷೆಯಲ್ಲಿಯೆ ವಚನಗಳನ್ನು ನುಡಿದನು ಎಂಬುದನ್ನು ಇಲ್ಲಿ ನೆನೆಯದೆ ಇರಲಾರೆ.

ಹಬ್ಬದ ಬಾಯಿಮಾತಿನ ಪರಂಪರೆಯು ಲಿಖಿತ ರೂಪಕ್ಕೆ ಬಂದುದಾದರೂ ಇದೇ ವಿಜಾಪುರ (ಈಗಿನ ವಿಜಯಪುರ) ಜಿಲ್ಲೆಯವರ ಕೈಯಿಂದ. ಅಂದಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೂಡಿ ಹಳ್ಳಿಯ ಹೆಂಗಸರ ಬಾಯಲ್ಲಿದ್ದ ಪದಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವನ್ನು ಹೊರತಂದರು. ಪೇಟೆಯ ಪಂಡಿತರು ಅದುವರೆಗೆ ಕಿವಿಗೊಡದಿದ್ದ ಬೀಸುಕಲ್ಲಿನ ಹಾಡಿಗೆ ಸಾಹಿತ್ಯದ ಮನ್ನಣೆ ದೊರೆತುದು ಅಂದಿನಿಂದ. ಒಬ್ಬ ಮಧುರಚೆನ್ನನೂ ಒಬ್ಬ ಧೂಲಾಸಾಹೇಬನೂ ಜೊತೆಯಾಗಿ ಕುಳಿತು ಒಂದೇ ಜಗಲಿಯ ಹಾಡನ್ನು ಕೇಳಿದರೆಂಬ ಸಂಗತಿಯು ಆ ಪುಸ್ತಕದಷ್ಟೇ ಬೆಲೆಯುಳ್ಳದ್ದೆಂದು ನಾನು ತಿಳಿದಿದ್ದೇನೆ.

ಎಳ್ಳಮಾವಾಸ್ಯೆಯನ್ನು ಬಿಡಿಯಾಗಿ ನೋಡಿದರೆ ಅದರ ಮರ್ಮವು ಹೊಳೆಯುವುದಿಲ್ಲ. ಜ್ಯೇಷ್ಠದ ಕಾರಹುಣ್ಣಿಮೆಯಲ್ಲಿ ಎತ್ತುಗಳನ್ನು ಓಡಿಸಿ ಕರಿ ಹರಿಯುವುದು, ಗೆದ್ದ ಎತ್ತಿನ ಬಣ್ಣದಿಂದ ವರ್ಷದ ಬೆಳೆಯನ್ನು ಊಹಿಸುವುದು. ಅದರ ಬೆನ್ನಿಗೇ ಬರುವ ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಹೊಲದ ಮಣ್ಣನ್ನೇ ತಂದು ಬಸವಣ್ಣನ ಜೋಡಿಯನ್ನು ಮಾಡಿ ಪೂಜಿಸುವುದು. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ. ಭಾದ್ರಪದದಲ್ಲಿ ಮಳೆಯನ್ನು ಬೇಡುವ ಜೋಕುಮಾರ. ಆಶ್ವಯುಜದ ಶೀಗಿ ಹುಣ್ಣಿಮೆಯಲ್ಲಿ ಮುಂಗಾರಿಯ ಪೈರಿಗೆ ಒಂದು ಚರಗ. ಕೊನೆಗೆ ಹಿಂಗಾರಿಯ ಜೋಳಕ್ಕೆ ಈ ದೊಡ್ಡ ಚರಗ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯೆಂದೂ ತುಳುನಾಡಿನಲ್ಲಿ ಕೆಡ್ಡಸವೆಂದೂ ಭೂದೇವಿಯನ್ನು ಸ್ತ್ರೀಯೆಂದು ಭಾವಿಸಿ ಉಪಚರಿಸುವ ದಿನಗಳಿರುವುದು ಸರ್ವವಿದಿತ. ಆದರೆ ಅಲ್ಲಿ ಮಳೆ ಧಾರಾಳ; ಇಲ್ಲಿ ವರ್ಷಕ್ಕೆ ಐದುನೂರರಿಂದ ಆರುನೂರು ಮಿಲಿಮೀಟರು ಬಿದ್ದರೆ ಅದೇ ಭಾಗ್ಯ. ಅಲ್ಪವುಳ್ಳವನು ಕೊಡುವ ದಾನದ ತೂಕವೇ ಬೇರೆಯೆಂದು ಈ ನಾಡಿನ ಬರಗಾಲಗಳ ಚರಿತ್ರೆಯನ್ನು ಓದಿದಾಗ ಅನ್ನಿಸದೆ ಇರದು.

ಆ ಚರಿತ್ರೆ ಭಯಂಕರವಾದುದು. 1396ರಲ್ಲಿ ತೊಡಗಿ ಹನ್ನೆರಡು ವರ್ಷ ನಡೆಯಿತೆಂದು ಪರಂಪರೆಯು ಹೇಳುವ ದುರ್ಗಾದೇವಿಯ ಬರ. ಹೂಳುವವರಿಲ್ಲದೆ ನೆಲದ ಮೇಲೆ ಬಿದ್ದ ತಲೆಬುರುಡೆಗಳಿಂದಲೇ ಹೆಸರು ಪಡೆದ 1791-92ರ ಬರ. ಧಾತು ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ದಕ್ಷಿಣದೇಶವನ್ನೆಲ್ಲ ನುಂಗಿದ ಮಹಾಕ್ಷಾಮ. ಆಗ ಕಲಾದಗಿ ಜಿಲ್ಲೆಯೆಂದು ಕರೆಯಿಸಿಕೊಳ್ಳುತ್ತಿದ್ದ ಈ ಜಿಲ್ಲೆಯಲ್ಲಿ 1872ರ ಜನಗಣತಿಯಲ್ಲಿ ಸುಮಾರು 8 ಲಕ್ಷ 16 ಸಾವಿರದಷ್ಟಿದ್ದ ಜನಸಂಖ್ಯೆಯು 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿದಿದ್ದಿತು. ಐವರಲ್ಲಿ ಒಬ್ಬರು ಇಲ್ಲವಾದರು. ಸತ್ತವರೆಷ್ಟೋ, ಊರು ಬಿಟ್ಟು ಹೋದವರೆಷ್ಟೋ. ಇಂತಹ ನೆಲದಲ್ಲಿ, ಕಳೆದ ಸುಗ್ಗಿಯ ಕಾಳು ಹಗೇವಿನ ತಳಕ್ಕೆ ಇಳಿದಿರುವ, ಹೊಸ ಸುಗ್ಗಿಗೆ ಇನ್ನೂ ಎರಡು ತಿಂಗಳು ಉಳಿದಿರುವ ಮಾಗಿಯ ನಡುವೆ, ವರ್ಷದಲ್ಲಿಯೆ ಅತ್ಯಂತ ಸಮೃದ್ಧವಾದ ಅಡುಗೆಯನ್ನು ಮಾಡಿ ಅದರ ಮೊದಲ ಪಾಲನ್ನು ಮಣ್ಣಿಗೆ ಚೆಲ್ಲುವ ಧೈರ್ಯವು ಈ ಜನಕ್ಕೆ ಎಲ್ಲಿಂದ ಬಂದಿತು? ಇದನ್ನು ಅಂಧವಿಶ್ವಾಸವೆಂದು ತಳ್ಳಿಹಾಕುವುದು ಸುಲಭ. ನನಗಂತೂ ಅದು ಋಣಪ್ರಜ್ಞೆಯ ಕೆಲಸವೆಂದು ತೋರುತ್ತದೆ: ಭೂಮಿಯಿಂದ ಪಡೆದುದರಲ್ಲಿ ಒಂದಂಶವನ್ನು ಮೊದಲು ಅದಕ್ಕೆ ಹಿಂದಿರುಗಿಸಬೇಕು, ಉಳಿದುದು ನಮ್ಮದು.

ಆ ಋಣವನ್ನು ಅನ್ನದಿಂದ ತೀರಿಸುವುದು ಒಂದು ದಿನ. ದುಡಿಮೆಯಿಂದ ತೀರಿಸುವುದು ಉಳಿದ ದಿನಗಳೆಲ್ಲ. ಎರೆಯ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿಯುತ್ತದೆ. ಮುಂಗಾರಿನಲ್ಲಿ ಹಿಂಗಾರಿಯ ಹೊಲವನ್ನು ಬಿತ್ತದೆ ಬಿಟ್ಟು, ಮಳೆ ಬಿದ್ದು ಹದವಾದಾಗಲೆಲ್ಲ ಕುಂಟೆ ಹೊಡೆದು ಕಸವನ್ನು ಕೊಂದು, ಬಿದ್ದ ನೀರನ್ನು ನೆಲದೊಳಗೆ ಕೂಡಿಹಾಕಿ, ಉತ್ತರಿ ಹಸ್ತ ಮಳೆಗಳ ಹದದಲ್ಲಿ ಕೂರಿಗೆಯಿಂದ ಜೋಳವನ್ನು ಬಿತ್ತುವುದು ಇಲ್ಲಿಯ ಕ್ರಮ. ಬಿತ್ತಿದ ಮೇಲೆ ಆಕಾಶದ ಆಸೆಯಿಲ್ಲ. ಮಾಗಿಯ ಇಬ್ಬನಿಯೂ ಮಣ್ಣಿನೊಳಗಣ ತೇವವೂ ಬೆಳೆಯನ್ನು ಕೊನೆ ಮುಟ್ಟಿಸಬೇಕು. ಆದುದರಿಂದಲೆ ಸಾಲುಗಳ ನಡುವೆ ಎಡೆ ಹೊಡೆದು ಮೇಲ್ಮಣ್ಣನ್ನು ಸಡಿಲಗೊಳಿಸಿ ಬಿರುಕುಗಳನ್ನು ಮುಚ್ಚುತ್ತಾರೆ; ಬಿರುಕು ತೆರೆದಿದ್ದರೆ ಅದರ ಬಾಯಿಯಿಂದಲೇ ತೇವವೆಲ್ಲ ಆರಿಹೋಗುವುದು. ಜೋಳದೊಡನೆ ಕಡಲೆಯ ಅಕ್ಕಡಿ ಸಾಲು, ಅಂಚಿಗೆ ದನ ನುಗ್ಗದಂತೆ ಮುಳ್ಳಿನ ಕುಸುಬೆ, ಮೂರು ವರ್ಷಕ್ಕೊಮ್ಮೆಯಾದರೂ ತಿಪ್ಪೆಯ ಗೊಬ್ಬರ, ಬೇಸಗೆಯಲ್ಲಿ ಹಾಲುಮತದವರ ಕುರಿಹಿಂಡನ್ನು ಹೊಲದಲ್ಲಿ ತರುಬಿಸಿ ಅವರಿಗೆ ಕಾಳು ಕೊಡುವ ಒಪ್ಪಂದ, ಇವೆಲ್ಲವೂ ಪುಸ್ತಕದಿಂದ ಬಂದ ವಿದ್ಯೆಯಲ್ಲ.

ಇಷ್ಟೆಲ್ಲ ದುಡಿದರೂ ಒಡ್ಡು ಒಡೆದರೆ ಸರ್ವವೂ ವ್ಯರ್ಥ. ಈ ಬಯಲಿನ ಇಳಿಜಾರು ಕಣ್ಣಿಗೆ ಕಾಣದಷ್ಟು ಮೆಲ್ಲನೆಯದು, ಆದರೆ ಬಹು ಉದ್ದವಾದುದು. ಭಾದ್ರಪದದ ಬಿರುಮಳೆ ಒಂದು ತಾಸು ಹೊಡೆದರೆ ವರ್ಷಗಳ ಗೊಬ್ಬರವೂ ಮೇಲ್ಮಣ್ಣೂ ಹಳ್ಳಕ್ಕಿಳಿದು ಡೋಣಿ ನದಿಯ ಪಾಲಾಗುವುದು. ಜತ್ತಿನ ಕಡೆಯಿಂದ ಬಂದು ಈ ಜಿಲ್ಲೆಯನ್ನು ಹಾದು ತಾಳಿಕೋಟೆಯ ಬಳಿಯಿಂದ ಕೃಷ್ಣೆಯತ್ತ ಸಾಗುವ ಡೋಣಿಯ ದಂಡೆಯು ಜೋಳಕ್ಕೆ ಪ್ರಸಿದ್ಧವಾದುದು. ಆ ದಂಡೆ ಬೆಳೆದರೆ ತಿಂದು ತೀರಿಸುವವರಿಲ್ಲ, ಬೆಳೆಯದಿದ್ದರೆ ತಿನ್ನುವುದಕ್ಕೇ ಇಲ್ಲ ಎಂಬ ಗಾದೆ ಹಳೆಯದು. ಆ ಹೆಸರುವಾಸಿಯಾದ ಮಣ್ಣು ಎಷ್ಟೋ ಮೇಲಿನ ಹೊಲಗಳ ನಷ್ಟದಿಂದ ಕೂಡಿಬಂದ ಐಶ್ವರ್ಯವೆಂಬುದನ್ನು ಮರೆಯಬಾರದು. ಚರಗ ಚೆಲ್ಲುತ್ತ ಹೊಲದ ನಾಲ್ಕೂ ಮೇರೆಗಳನ್ನು ಸುತ್ತುವ ಪದ್ಧತಿಯ ಬೆಲೆ ಇಲ್ಲಿಯೆ ಇರುವುದು. ಮಳೆಗಾಲ ಮುಗಿದು, ಬೆಳೆ ನಿಂತು, ಕೊಯಿಲಿಗೆ ಮುಂಚೆ, ಮನೆಯ ಹಿರಿಯರೂ ಕಿರಿಯರೂ ಒಟ್ಟಾಗಿ ಬದುವಿನ ಮೇಲೆ ನಡೆದು ಬರುವ ದಿನ ಅದೊಂದೆ. ಎಲ್ಲಿ ನೀರು ಕೊರೆದಿದೆ, ಎಲ್ಲಿ ಕಲ್ಲು ಜಾರಿದೆ, ಬಾಂದಗಲ್ಲು ಇದ್ದಲ್ಲಿಯೆ ಇದೆಯೋ ನೆರೆಯವನ ನೇಗಿಲು ಅದನ್ನು ಸರಿಸಿತೋ, ಕರಕಿ ಎಷ್ಟು ಹಬ್ಬಿದೆ, ಇವೆಲ್ಲ ಕೈಯಲ್ಲಿ ಅನ್ನದ ಪಾತ್ರೆಯನ್ನು ಹಿಡಿದೇ ಕಣ್ಣಿಗೆ ಬೀಳುವ ಸಂಗತಿಗಳು. ಹೊಲದ ಮೇರೆ ಮಕ್ಕಳಿಗೆ ತಿಳಿಯುತ್ತಿದ್ದುದು ನಕಾಶೆಯಿಂದಲ್ಲ, ಈ ಪ್ರದಕ್ಷಿಣೆಯಿಂದ.

ಸರಕಾರವು ಮಣ್ಣಿನ ಕಡೆಗೆ ಕಣ್ಣು ತೆರೆದುದು ತೀರ ತಡವಾಗಿ. ಬರ ಬಂದಾಗ ಕೆರೆ ತೋಡಿಸುವುದೂ ರಸ್ತೆಗೆ ಜಲ್ಲಿ ಒಡೆಯಿಸುವುದೂ ಹತ್ತೊಂಬತ್ತನೆಯ ಶತಮಾನದ ಪರಿಹಾರ. 1930ರ ದಶಕದಲ್ಲಿ ಇಂಪೀರಿಯಲ್ ಕೃಷಿ ಸಂಶೋಧನ ಮಂಡಳಿಯ ನೆರವಿನಿಂದ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರು, ರೋಹತಕಗಳಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರಗಳು ಸ್ಥಾಪನೆಗೊಂಡವು. ಅದೇ ದಶಕದಲ್ಲಿ ಅಮೆರಿಕೆಯ ಬಯಲುಗಳಲ್ಲಿ ಧೂಳಿನ ಬಿರುಗಾಳಿಯೆದ್ದು ಹೊಲಗಳೇ ಆಕಾಶಕ್ಕೆ ಹಾರಿಹೋಗಲು, ಅಲ್ಲಿಯ ಸರಕಾರವೂ 1935ರಲ್ಲಿ ಮಣ್ಣಿನ ರಕ್ಷಣೆಗೆಂದೇ ಒಂದು ಇಲಾಖೆಯನ್ನು ತೆರೆದುದು ಗಮನಾರ್ಹ. ಮುಂಬಯಿ ಪ್ರಾಂತದ ಕೇಂದ್ರಗಳಲ್ಲಿ ನಡೆದ ಪ್ರಯೋಗಗಳ ಸಾರವನ್ನು ಎನ್. ವಿ. ಕಾನಿಟಕರರು 1944ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಒಡ್ಡು ಹಾಕಿರಿ, ಕೆಲವು ವರ್ಷಕ್ಕೊಮ್ಮೆ ಆಳವಾಗಿ ಉಳಿರಿ, ತಿಪ್ಪೆಗೊಬ್ಬರ ಹಾಕಿರಿ, ಬೀಜವನ್ನು ಕಡಿಮೆ ಮಾಡಿ ಸಾಲುಗಳನ್ನು ವಿರಳವಾಗಿಸಿರಿ, ಎಡೆ ಹೊಡೆಯಿರಿ ಎಂಬ ಆ ಉಪದೇಶದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಒಕ್ಕಲಿಗನಿಗೆ ಗೊತ್ತಿದ್ದುದೇ. ಆದರೆ ಗೊತ್ತಿದ್ದುದಕ್ಕೆ ಅಳತೆಯೂ ಪ್ರಮಾಣವೂ ದೊರೆತುದು ಸಣ್ಣ ಲಾಭವಲ್ಲ. ಸೊಲ್ಲಾಪುರದ ಮೋಹೋಳದಲ್ಲಿ ನಾಡತಳಿಯಿಂದಲೆ ಆರಿಸಿ ತೆಗೆದ ಮಾಲದಂಡಿ 35-1 ಎಂಬ ಜೋಳವು ಹರಡಿದುದೂ ಈ ಪ್ರಯತ್ನಗಳ ಕಾಲದಲ್ಲಿಯೆ. ಅದರ ರೊಟ್ಟಿಯ ರುಚಿಯನ್ನು ಮೀರಿಸಿದ ತಳಿ ಇನ್ನೂ ಹುಟ್ಟಿಲ್ಲವೆಂಬುದು ಈ ನಾಡಿನವರ ದೃಢವಾದ ಮತ, ನನ್ನದೂ ಅದೇ.

1942ರಲ್ಲಿ ಮುಂಬಯಿ ಸರಕಾರವು ಭೂ ಅಭಿವೃದ್ಧಿಯ ಯೋಜನೆಗಳಿಗಾಗಿ ಕಾಯಿದೆಯೊಂದನ್ನು ಮಾಡಿತು. ಅದರ ಬೆನ್ನಿಗೆ 1942-43ರಲ್ಲಿ ವಿಜಾಪುರ ಜಿಲ್ಲೆಗೆ ಮತ್ತೆ ಬರ ಬಂದಿತು. ಈ ಸಾರಿ ಹಸಿದವರ ಕೈಗೆ ಗುದ್ದಲಿ ಕೊಟ್ಟು ಹೊಲಗಳಿಗೆ ಒಡ್ಡು ಹಾಕಿಸಿದರು. ಪ್ರಾಣವನ್ನು ಉಳಿಸುವ ಕೂಲಿಯೇ ಮಣ್ಣನ್ನೂ ಉಳಿಸುವಂತಾದುದು ಬರಗಾಲದ ಆಡಳಿತದಲ್ಲಿ ನಡೆದ ಅತ್ಯಂತ ವಿವೇಕದ ಕಾರ್ಯವೆಂದೇ ಹೇಳಬೇಕು. ಆದರೆ ಆ ಒಡ್ಡುಗಳ ಕಥೆಯಲ್ಲಿ ಒಂದು ತೊಡಕೂ ಇದೆ. ಅಧಿಕಾರಿಗಳು ನೀರಿನ ಸಮಪಾತಳಿಯನ್ನು ಹಿಡಿದು ಒಡ್ಡು ಎಳೆದರು. ಅದು ಶಾಸ್ತ್ರಕ್ಕೆ ಸರಿ. ಆ ಗೆರೆ ಒಬ್ಬನ ಹೊಲವನ್ನು ಅಡ್ಡಡ್ಡವಾಗಿ ಸೀಳಿ ಇನ್ನೊಬ್ಬನ ಹೊಲದೊಳಕ್ಕೆ ಹೋಗುತ್ತಿತ್ತು. ಒಡ್ಡಿನ ಮೇಲ್ಭಾಗದಲ್ಲಿ ನೀರು ನಿಂತು ಎರೆಯಲ್ಲಿ ಬೆಳೆ ಕೊಳೆಯುತ್ತಿತ್ತು. ಒಕ್ಕಲಿಗನು ತನ್ನ ಮೇರೆಯ ಬದುವನ್ನು ಅಣ್ಣತಮ್ಮಂದಿರ ಗೆರೆಯೆಂದು ಪೂಜಿಸಿ ಕಾಯುವನು. ಸರಕಾರದ ಒಡ್ಡನ್ನು ಮಾತ್ರ ಸರಕಾರದ್ದೆಂದೇ ಬಗೆದು, ಒಡೆದಾಗ ಹಾಗೆಯೇ ಬಿಟ್ಟನು. ಚರಗದ ಪ್ರದಕ್ಷಿಣೆಯೊಳಗೆ ಸೇರದ ಒಡ್ಡಿಗೆ ಒಡೆಯನಿಲ್ಲದಂತಾಯಿತು. ಮುಂದೆ ಸಂಶೋಧಕರೂ ಹೊಲದ ಮೇರೆಯನ್ನು ಮೀರದ ಚಿಕ್ಕ ಚೌಕುಮಡಿಗಳನ್ನು ಕಟ್ಟುವ ಕ್ರಮಕ್ಕೆ ಒತ್ತುಕೊಟ್ಟರು. ಅನುಭವದಿಂದ ಕಲಿತುದಕ್ಕಾಗಿ ಅವರನ್ನು ಅಭಿನಂದಿಸೋಣ.

ಒಡ್ಡಿಗೆ ಹೇಳಿದ ಮಾತು ಗಿಡಕ್ಕೂ ಸಲ್ಲುವುದು. ಸ್ವಾತಂತ್ರ್ಯಾನಂತರ, 1950ರಲ್ಲಿ ಆಗಿನ ಕೇಂದ್ರ ಕೃಷಿಮಂತ್ರಿ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದರು. ಗಿಡ ನೆಡುವುದು ಪುಣ್ಯಕಾರ್ಯವೇ ಸರಿ. ಈ ಜಿಲ್ಲೆಯಲ್ಲಿ ಇತ್ತೀಚೆಗೆ ನಡೆದ ಕೋಟಿ ವೃಕ್ಷ ಅಭಿಯಾನವು ಬೋಳು ಗುಡ್ಡಗಳಿಗೆ ಹಸಿರು ತಂದುದು ಸಂತೋಷದ ಸಂಗತಿ. ಆದರೆ ನೆಟ್ಟವರು ಮರುವರ್ಷ ಅದೇ ಗಿಡದ ಬಳಿಗೆ ಬುತ್ತಿ ಕಟ್ಟಿಕೊಂಡು ಬರುವಂತಾದಾಗ ಮಾತ್ರ ಅದು ಉತ್ಸವವೆನಿಸುವುದು.

ಹೇಳಲೇಬೇಕಾದ ಇನ್ನೊಂದು ವಿಷಯವಿದೆ. ಇಷ್ಟು ಹೊತ್ತು 'ಒಕ್ಕಲಿಗನ ಹೊಲ' ಎಂದು ಬರೆಯುತ್ತ ಬಂದೆನಷ್ಟೆ; ಹೊಲವು ಉತ್ತವನದೇ ಆಗಿರುತ್ತಿರಲಿಲ್ಲ. ಊರಿನ ಅನೇಕರು ಪರರ ಹೊಲವನ್ನು ಪಾಲಿಗೆ ಮಾಡಿ ಬೆಳೆದರು. ಇನ್ನೂ ಅನೇಕರು ಕೂಲಿಯಿಂದಲೊ ಆಯದ ಕಾಳಿನಿಂದಲೊ ಬದುಕಿದರು. ಚರಗದ ದಿನ ಅವರೂ ಉಂಡರು. ಆದರೆ ಪಂಕ್ತಿಯ ಕೊನೆಯಲ್ಲಿ, ದೂರದಲ್ಲಿ, ಕೊಟ್ಟುದನ್ನು ಪಡೆದು ಉಂಡರು. ಭೂಮಿತಾಯಿಯ ಮುಂದೆಯೂ ಉಳಿದ ಈ ಅಂತರವನ್ನು ಹಬ್ಬದ ಸೊಗಸಿನಲ್ಲಿ ಮುಚ್ಚಿಡುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. 1961ರ ಭೂಸುಧಾರಣಾ ಶಾಸನಕ್ಕೆ ತಂದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ತಾಲೂಕು ತಾಲೂಕಿಗೆ ನ್ಯಾಯಮಂಡಳಿಗಳು ಕುಳಿತು, ಗೇಣಿ ಮಾಡುತ್ತಿದ್ದವರು ಅನೇಕ ಕಡೆ ಒಡೆಯರಾದರು. ತಲೆಮಾರುಗಳಿಂದ ಬೇರೊಬ್ಬರ ಪರವಾಗಿ ಚರಗ ಚೆಲ್ಲುತ್ತಿದ್ದ ಕೈ ತನ್ನ ಸ್ವಂತ ಮೇರೆಯನ್ನು ಸುತ್ತಿದ ಆ ಮೊದಲ ಎಳ್ಳಮಾವಾಸ್ಯೆಯನ್ನು ಯಾರೂ ಬರೆದಿಟ್ಟಂತೆ ಕಾಣೆ, ಬರೆದಿಡಬೇಕಾಗಿತ್ತು.

ಈಗ ನಾಡಿನ ಚಹರೆ ಬದಲಾಗಿದೆ. 1964ರಲ್ಲಿ ಲಾಲಬಹಾದುರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳು ಒಣಭೂಮಿಗೆ ನೀರು ತಂದಿವೆ. ನೀರು ಬಂದಲ್ಲಿ ಕಬ್ಬು ಬಂದಿತು, ಇಂಡಿಯ ಕಡೆ ನಿಂಬೆ, ದ್ರಾಕ್ಷಿ, ದಾಳಿಂಬೆ, ಒಣಹೊಲಗಳಲ್ಲಿ ತೊಗರಿ. ಎರೆಗೆ ಅತಿಯಾಗಿ ನೀರು ಹಾಯಿಸಿದಲ್ಲಿ ಸವುಳು ಮೇಲೆದ್ದು ನೆಲ ಕೆಡುತ್ತಿರುವುದನ್ನೂ ಕಾಣುತ್ತಿದ್ದೇವೆ. ಎತ್ತಿನ ಜೋಡಿಗಳು ಕಡಿಮೆಯಾದಂತೆ ತಿಪ್ಪೆಯೂ ಕರಗಿತು. ಟ್ರ್ಯಾಕ್ಟರು ತಿರುಗುವುದಕ್ಕೆ ಎಡೆಯಾಗಲೆಂದು ಬದುವನ್ನೇ ಕೆಡವಿದ ಹೊಲಗಳುಂಟು. ಹಬ್ಬ ಮಾತ್ರ ಸೊರಗಿಲ್ಲ. ಪುಣೆ, ಮುಂಬಯಿ, ಗೋವೆ, ಬೆಂಗಳೂರುಗಳಿಗೆ ದುಡಿಯಲು ಹೋದವರೂ ಎಳ್ಳಮಾವಾಸ್ಯೆಗೆ ಊರಿಗೆ ಬರುತ್ತಾರೆ. ಗಾಡಿಯ ಬದಲಿಗೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬುತ್ತಿಯ ಬುಟ್ಟಿಗಳು ಹೊಲಕ್ಕೆ ಹೋಗುತ್ತವೆ. ಕೂಗಿಗೆ ಕೂಗು ಇನ್ನೂ ಬರುತ್ತದೆ.

ಆದರೆ ಹೀಗೆ ಬಂದು ಹೋಗುವವರ ಹೊಲಗಳಲ್ಲಿ ಎಷ್ಟೋ ಲಾವಣಿಗೆ, ಎಂದರೆ ಗೇಣಿಗೆ, ಹೋಗಿರುವಂಥವು. ಲಾವಣಿ ಸಾಮಾನ್ಯವಾಗಿ ಒಂದು ವರ್ಷದ್ದು. ಬರುವ ವರ್ಷ ಆ ಹೊಲ ತನ್ನದಾಗಿರುವುದೋ ಇಲ್ಲವೋ ಎಂದು ತಿಳಿಯದವನು ಅದಕ್ಕೆ ಗೊಬ್ಬರ ಹೇರಲಾರನು, ಒಡೆದ ಒಡ್ಡಿಗೆ ಕಲ್ಲಿಡಲಾರನು. ಅವನನ್ನು ದೂರುವುದೂ ನ್ಯಾಯವಲ್ಲ. ಒಡೆಯನೋ, ವರ್ಷದಲ್ಲಿ ಒಂದೇ ದಿನ ಹೊಲವನ್ನು ಕಾಣುತ್ತಾನೆ, ಆ ದಿನವೂ ಎಳ್ಳಮಾವಾಸ್ಯೆಯೇ. ಇಬ್ಬರೂ ಒಂದೇ ಬನ್ನಿಯ ನೆರಳಲ್ಲಿ ಕುಳಿತು ಉಣ್ಣುವ ಅಂದಿನ ದಿನ, ಮೇರೆಯನ್ನು ಜೊತೆಯಾಗಿ ಸುತ್ತಿ ಬಂದ ಮೇಲೆ, ಒಡ್ಡಿನ ಖರ್ಚಿನಲ್ಲಿ ಯಾರ ಪಾಲೆಷ್ಟು, ಗೊಬ್ಬರದಲ್ಲಿ ಯಾರ ಪಾಲೆಷ್ಟು, ಲಾವಣಿಯನ್ನು ಐದು ವರ್ಷಕ್ಕೆ ಏರಿಸಬಹುದೋ ಎಂಬ ಮಾತನ್ನು ಎತ್ತಿಕೊಳ್ಳುವುದಕ್ಕೆ ಅಡ್ಡಿಯೇನು? ಸಾಕ್ಷಿಗೆ ಊರಿನವರೆಲ್ಲರೂ ಅಲ್ಲಿಯೆ ಇರುತ್ತಾರೆ.